ನಂಜನ್ನು ಎಲ್ಲಿಟ್ಟುಕೊಳ್ಳುವುದು?

"ಇಷ್ಟು ಸಾಧುವಾದ್ರೆ ಬದುಕೋಕಾಗಲ್ಲ, ಮನುಷ್ಯರಿಗೆ ಸ್ವಲ್ಪ ವಿಷ ಇರಬೇಕು." ಗುಬ್ಬಿಯಿಂದಲೋ ಕುಣಿಗಲ್ಲಿನಿಂದಲೋ ತುಮಕೂರಿಗೆ ಓದಲು ಬಂದವರು ಈ ಬುದ್ಧಿಮಾತು ಕೇಳದೆ ಡಿಗ್ರಿ ಮುಗಿಸಿರುವುದು ಕಷ್ಟ. ಹೇಳುವವರು ಕಾಳಜಿಯಿಂದಲೇ ಹೇಳುತ್ತಾರೆ. ಬೆಂಬಲಕ್ಕೆ ಬರುವ ಕಥೆಯೂ ಸಾಮಾನ್ಯವಾಗಿ ಒಂದೇ, ರಾಮಕೃಷ್ಣ ಪರಮಹಂಸರು ಹೇಳಿದ ಹಾವಿನದು. ಕಚ್ಚುವುದನ್ನು ಬಿಟ್ಟ ಹಾವನ್ನು ಹುಡುಗರು ಬಡಿದು ಅರೆಜೀವ ಮಾಡುತ್ತಾರೆ. ಕಚ್ಚಬೇಡ ಎಂದಿದ್ದ ಗುರು ಮರಳಿ ಬಂದು ನೋಡಿ, ಬುಸುಗುಟ್ಟಲು ನಾನು ಅಡ್ಡಿ ಮಾಡಿದ್ದೆನೇ ಎಂದು ಕೇಳುತ್ತಾನೆ.

ಕಥೆ ಒಳ್ಳೆಯದೇ. ನನ್ನ ತಕರಾರು ಹಾವಿನ ಮೇಲೆ. ಹಾವಿನ ವಿಷಕ್ಕೆ ಹಲ್ಲಿನ ಮೂಲಕ ಹೊರಗೆ ಹೋಗುವ ದಾರಿಯಿದೆ, ಅದರಿಂದಲೇ ಹಾವು ತನ್ನ ಊಟವನ್ನೂ ಸಂಪಾದಿಸುತ್ತದೆ. ಇನ್ನೊಂದು ಬಗೆಯ ವಿಷವಿದೆ. ಅದು ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಬಾಯಿ ಹಾಕಿದವರಿಗೆ, ಹಿಚುಕಿದವರಿಗೆ ಮಾತ್ರ ತಾಗುತ್ತದೆ. ಇಂಗ್ಲಿಷಿನವರು ಮೊದಲನೆಯದನ್ನು ವೆನಮ್ ಎಂದೂ ಎರಡನೆಯದನ್ನು ಪಾಯ್ಸನ್ ಎಂದೂ ಕರೆಯುತ್ತಾರೆ. ನಮಗೆ ಎರಡೂ ವಿಷ, ಎರಡೂ ನಂಜು. ಪದ ಒಂದೇ ಆಗಿರುವುದರಿಂದಲೋ ಏನೋ, ವಿಷದ ನೀತಿ ಮಾತಾಡುವಾಗ ನಾವು ಹಾವಿನಲ್ಲೇ ನಿಂತುಬಿಡುತ್ತೇವೆ. ಕಪ್ಪೆಯ ತನಕ ಬರುವುದಿಲ್ಲ.

ಬರಲು ದೂರ ಹೋಗಬೇಕಾಗಿಯೂ ಇಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿ ತುಮಕೂರಿನ ಯಾವ ಬೀದಿದೀಪದ ಕೆಳಗೆ ನೋಡಿದರೂ ಮೈತುಂಬ ಗಂಟುಗಂಟಾದ ನೆಲಗಪ್ಪೆ ಹುಳುಗಳಿಗಾಗಿ ಕಾದು ಕೂತಿರುತ್ತದೆ. ಕಣ್ಣಿನ ಹಿಂದೆ ಎರಡು ಉಬ್ಬಿದ ಗ್ರಂಥಿಗಳಿವೆ. ನಾಯಿ ಬಾಯಲ್ಲಿ ಕಚ್ಚಿದರೆ ಅಲ್ಲಿಂದ ಹಾಲಿನಂಥ ರಸ ಒಸರುತ್ತದೆ, ನಾಯಿ ನೊರೆ ಕಾರಿ ಒದ್ದಾಡುತ್ತದೆ. ಆ ರಸದಲ್ಲಿರುವುದು ಹೃದಯದ ಬಡಿತವನ್ನೇ ಕೆಡಿಸುವ ವಸ್ತು. ನೆಲಗಪ್ಪೆಯನ್ನು ತಿಂದು ಮನುಷ್ಯರು ಸತ್ತಿರುವುದೂ ಉಂಟು. ಆದರೆ ಮುಟ್ಟಿದರೆ ನರಹುಲಿ ಏಳುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ನರಹುಲಿ ಬರುವುದು ವೈರಸ್ಸಿನಿಂದ, ಅದೂ ಮನುಷ್ಯರಿಂದ ಮನುಷ್ಯರಿಗೆ. ಗುಬ್ಬಿ ಕಡೆಯ ನಮ್ಮಜ್ಜಿ ನೀರೊಲೆಯ ಮೂಲೆ ಸೇರಿದ ನೆಲಗಪ್ಪೆಯನ್ನು ಕಡ್ಡಿಯಿಂದ ತಿವಿಯಲು ಹೋದರೆ ಗದರುತ್ತಿದ್ದರು: "ಅದ್ರ ಪಾಡಿಗದೈತೆ, ಬಿಡೇ. ಅದೇನು ನಿನ್ನ ಕರೀತಾ?"

ನನ್ನ ಮಟ್ಟಿಗೆ ನೀತಿಶಾಸ್ತ್ರದ ಒಂದು ದೊಡ್ಡ ವ್ಯತ್ಯಾಸ ಆ ಮಾತಿನಲ್ಲಿದೆ. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನವನ್ನು ಕನ್ನಡ ಓದಿದವರೆಲ್ಲ ಬಲ್ಲರು. (ಹೆಸರಿನ ಮಾತು ಬಿಡಿ.) ಒಳ್ಳೆಯವರಿಗೆ ಒಳ್ಳೆಯವನು, ಪೀಡಿಸುವವರಿಗೆ ಭಯಂಕರ ಎಂಬುದು ಆ ವೀರನ ಹೊಗಳಿಕೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಹಾಗೆ ಬದುಕಬೇಕಾದರೆ ಯಾರು ಒಳ್ಳೆಯವರು, ಯಾರು ಪೀಡಕರು ಎಂದು ದಿನವೂ ತೀರ್ಪು ಕೊಡುತ್ತಿರಬೇಕು, ಆ ತೀರ್ಪು ತಪ್ಪಬಾರದು. ನೆಲಗಪ್ಪೆಗೆ ಆ ಭಾರವಿಲ್ಲ. ಅದರ ನಂಜು ಎಲ್ಲರಿಗೂ ಒಂದೇ. ಅದು ಕೆಲಸ ಮಾಡಬೇಕೋ ಬೇಡವೋ ಎಂದು ನಿರ್ಧರಿಸುವವರು ಬಾಯಿ ತೆರೆದವರು. ಹಾಗಾಗಿ ಅದನ್ನು ಹಿಂಸೆ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಒಂದು ತೊಡಕಿದೆ. ನೆಲಗಪ್ಪೆ ಮಣ್ಣಿನ ಬಣ್ಣದ್ದು, ಮೊದಲ ಸಲ ಕಚ್ಚುವ ನಾಯಿಮರಿಗೆ ಅದು ಏನನ್ನೂ ಹೇಳಿರುವುದಿಲ್ಲ. ನಂಜಿಟ್ಟುಕೊಂಡವರಿಗೆ ಮುನ್ಸೂಚನೆ ಕೊಡುವ ಹೊಣೆ ಇಲ್ಲವೇ? ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ನಮ್ಮ ಕೆರೆಯಂಗಳಗಳಲ್ಲೇ ಇದೆ. ಇಂಡಿಯನ್ ಬುಲ್‌ಫ್ರಾಗ್ ಎನ್ನುವ ದೊಡ್ಡ ಕಪ್ಪೆಯ ಗಂಡು, ಮಳೆ ಬಿದ್ದು ಕೂಡುವ ಕಾಲ ಬಂದಾಗ ನಿಂಬೆಹಣ್ಣಿನ ಹಳದಿಗೆ ತಿರುಗುತ್ತದೆ. ಗಂಟಲ ಎರಡೂ ಬದಿಗೆ ನೀಲಿ ಚೀಲ ಉಬ್ಬುತ್ತದೆ. ನೋಡಿದರೆ ಮಹಾ ವಿಷಜಂತು ಅನ್ನಬೇಕು. ಅದರ ಮಾಂಸವನ್ನು ಜಗತ್ತೇ ತಿಂದಿತು. ಕಪ್ಪೆಕಾಲಿನ ರಫ್ತು ನಡೆಯುತ್ತಿದ್ದಾಗ ಭಾರತದಿಂದ ಯುರೋಪು ಅಮೆರಿಕಗಳಿಗೆ ವರ್ಷಕ್ಕೆ ಸಾವಿರಾರು ಟನ್ ಹೋಗುತ್ತಿತ್ತು. ಗದ್ದೆಯ ಹುಳು ತಿನ್ನುವವರೇ ಇಲ್ಲದಂತಾಗುತ್ತದೆ ಎಂಬ ಆತಂಕವೂ ಸೇರಿ ಕೊನೆಗೆ 1987ರಲ್ಲಿ ಸರ್ಕಾರ ರಫ್ತು ನಿಷೇಧಿಸಿತು. ನೆಲಗಪ್ಪೆಯ ಕಾಲನ್ನು ಆ ವ್ಯಾಪಾರ ಕೇಳಲಿಲ್ಲ. "ಸ್ವಲ್ಪ ವಿಷ ಇರಬೇಕು" ಎನ್ನುವವರು ಇದನ್ನು ತಮ್ಮ ಪರವಾದ ಸಾಕ್ಷಿಯಾಗಿ ಬಳಸಬಹುದು, ನಾನು ಅಡ್ಡ ಬರುವುದಿಲ್ಲ.

ನಂಜೂ ಮುನ್ಸೂಚನೆಯೂ ಒಂದೇ ಮೈಯಲ್ಲಿ ಕೂಡಿರುವುದನ್ನು ನೋಡಬೇಕಾದರೆ ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡಿಗೆ ಹೋಗಬೇಕು. ಅಲ್ಲಿಯ ಪಾಯ್ಸನ್ ಡಾರ್ಟ್ ಕಪ್ಪೆಗಳು, ಅಂದರೆ ಬಾಣದ ನಂಜಿನ ಕಪ್ಪೆಗಳು, ಸುಮಾರು 200 ಜಾತಿಯವು. ಹಲವು ಹೆಬ್ಬೆರಳಿನ ತುದಿಯಷ್ಟೇ ಇವೆ. ಕೆಂಪು, ನೀಲಿ, ಹಳದಿ, ಕಪ್ಪುಪಟ್ಟೆಗಳ ಈ ಪುಟ್ಟ ಜೀವಗಳು ಹಾಡುಹಗಲಲ್ಲಿ ನೆಲದ ಮೇಲೆ ಓಡಾಡುತ್ತವೆ. ಹಕ್ಕಿಗಳು ಕಂಡೂ ಬಿಡುತ್ತವೆ. ಕೊಲಂಬಿಯಾದ ಪೆಸಿಫಿಕ್ ಕರಾವಳಿಯ ಬಂಗಾರದ ಬಣ್ಣದ ಕಪ್ಪೆಯೇ ಇವುಗಳಲ್ಲೆಲ್ಲ ಉಗ್ರ. 1978ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದ ಚಾರ್ಲ್ಸ್ ಮೈಯರ್ಸ್, ಜಾನ್ ಡೇಲಿ, ಬೋರಿಸ್ ಮಾಲ್ಕಿನ್ ಅದಕ್ಕೆ ಇಟ್ಟ ಜಾತಿಹೆಸರು ಟೆರಿಬಿಲಿಸ್. ಒಂದು ಕಪ್ಪೆಯ ಚರ್ಮದ ನಂಜು ಹತ್ತು ಜನರನ್ನು ಕೊಲ್ಲಲು ಸಾಕೆಂಬ ಅಂದಾಜಿದೆ. ಅಲ್ಲಿಯ ಎಂಬೆರಾ ಜನ ಕಪ್ಪೆಯನ್ನು ಕೊಲ್ಲದೆ ಅದರ ಬೆನ್ನಿಗೆ ಊದುಬಾಣದ ತುದಿಯನ್ನು ಉಜ್ಜಿಕೊಂಡು ಬೇಟೆಗೆ ಹೋಗುತ್ತಿದ್ದರು.

ಸ್ವಾರಸ್ಯವೆಂದರೆ ನಮ್ಮ ನೆಲಗಪ್ಪೆ ತನ್ನ ವಿಷವನ್ನು ತಾನೇ ತಯಾರಿಸುತ್ತದೆ, ಇವು ತಯಾರಿಸುವುದಿಲ್ಲ. ಇವುಗಳ ನಂಜು ಊಟದಿಂದ ಬಂದದ್ದು. ಕಾಡಿನ ನೆಲದ ಇರುವೆ, ನುಸಿಗಳಂಥ ಸಣ್ಣ ಜೀವಿಗಳಲ್ಲಿರುವ ಆಲ್ಕಲಾಯ್ಡುಗಳು ಕಪ್ಪೆಯ ಹೊಟ್ಟೆ ಸೇರಿ, ಅಲ್ಲಿಂದ ಚರ್ಮದ ಗ್ರಂಥಿಗಳಲ್ಲಿ ಕೂಡಿಕೊಳ್ಳುತ್ತವೆ. ಇದೇ ಕಪ್ಪೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಹುಟ್ಟಿಸಿ ಹಣ್ಣಿನ ನೊಣ ಹಾಕಿ ಸಾಕಿದರೆ ಬಣ್ಣ ಅದೇ ಇರುತ್ತದೆ, ನಂಜು ಮಾತ್ರ ಇರುವುದಿಲ್ಲ. ಹಾಗಾದರೆ ಕಾಡಿನ ಕಪ್ಪೆಯ ನಂಜು ಯಾರದು? ಕಪ್ಪೆಯದೋ, ಇರುವೆಯದೋ, ಕಾಡಿನದೋ? ಸಿಡುಕರನ್ನು ನಾವು ಸ್ವಭಾವವೇ ಅಂಥದ್ದು ಎಂದು ಬೈದು ಮುಗಿಸುತ್ತೇವೆ. ಅವರು ಎಷ್ಟು ವರ್ಷ ಏನನ್ನು ನುಂಗಿದ್ದಾರೆ ಎಂದು ಕೇಳುವುದಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಬೆಳೆದವರ ಸೌಮ್ಯತೆಯನ್ನೂ ಅಷ್ಟೇ ಸಲೀಸಾಗಿ ಸದ್ಗುಣವೆಂದು ಹೊಗಳುತ್ತೇವೆ.

ನುಂಗಿದ ನಂಜನ್ನು ಉಗುಳದೆ, ತನಗೂ ತಾಗಿಸಿಕೊಳ್ಳದೆ ಇಟ್ಟುಕೊಳ್ಳುವುದು ಕನ್ನಡಿಗರಿಗೆ ಹೊಸ ಕಲ್ಪನೆಯಲ್ಲ. ನಂಜನಗೂಡಿನಲ್ಲಿ ಕೂತಿರುವ ನಂಜುಂಡ ಅದನ್ನೇ ಮಾಡಿದವನು. ನಂಜಪ್ಪ, ನಂಜಮ್ಮ, ನಂಜುಂಡಯ್ಯ ಇಲ್ಲದ ಊರು ನಮ್ಮ ಕಡೆ ಅಪರೂಪ. ನಂಜು ಕುಡಿದದ್ದಕ್ಕೆ ಶಿವ ಕೊಟ್ಟ ಬೆಲೆ ಗಂಟಲಿನ ಬಣ್ಣ ಎಂದು ಪುರಾಣ ಹೇಳುತ್ತದೆ. ಕಪ್ಪೆ ಕೊಟ್ಟ ಬೆಲೆ ಏನು?

ಇದಕ್ಕೊಂದು ಉತ್ತರ ಸಿಕ್ಕಿದ್ದು 2017ರಲ್ಲಿ, ರೆಬೆಕ್ಕಾ ಟಾರ್ವಿನ್ ಮತ್ತು ಸಂಗಡಿಗರ ಸಂಶೋಧನೆಯಿಂದ. ಈಕ್ವೆಡಾರಿನ ಒಂದು ಪುಟ್ಟ ಕಪ್ಪೆಯಲ್ಲಿ ಎಪಿಬ್ಯಾಟಿಡಿನ್ ಎಂಬ ನಂಜಿದೆ. ನರಕೋಶದ ಮೇಲಿನ ಒಂದು ಪ್ರೋಟೀನಿಗೆ ಅದು ಅಂಟಿಕೊಂಡು ಕೆಲಸ ಮಾಡುತ್ತದೆ. ಆ ಪ್ರೋಟೀನು ಇರುವುದು ದೇಹದ ಸ್ವಂತ ಸಂದೇಶವಾಹಕವಾದ ಅಸಿಟೈಲ್‌ಕೋಲಿನ್‌ಗಾಗಿ. ಅಂದರೆ ಬೀಗ ಒಂದೇ, ಮನೆಯವರ ಕೀಲಿಯೂ ಕಳ್ಳನ ಕೀಲಿಯೂ ಅದಕ್ಕೇ ಬೀಳುತ್ತವೆ. ನಂಜು ತನಗೆ ತಾಗದಂತೆ ಈ ಕಪ್ಪೆಗಳ ವಂಶದಲ್ಲಿ ಬೀಗ ಬದಲಾಯಿತು. ಬದಲಾದದ್ದು ಒಂದೇ ಒಂದು ಅಮೈನೋ ಆಮ್ಲ. ಆದರೆ ಆ ಬದಲಾವಣೆಯಿಂದ ಮನೆಯವರ ಕೀಲಿಯೂ ಸರಿಯಾಗಿ ತಿರುಗದಂತಾಯಿತು. ಅದನ್ನು ಸರಿಪಡಿಸಲು ಬೇರೆ ಕಡೆ ಇನ್ನಷ್ಟು ಬದಲಾವಣೆಗಳು ಬೇಕಾದವು.

ಈ ವಿವರ ಓದಿದಾಗ ನನಗೆ ನೆನಪಾದದ್ದು ನನ್ನ ಗೆಳತಿ. ಕುಣಿಗಲ್ ತಾಲ್ಲೂಕಿನ ಹಳ್ಳಿಯಿಂದ ಬಂದವಳು. ಮೊದಲ ವರ್ಷ ಅವಳು "ಐತೆ" ಎಂದರೆ ಹಾಸ್ಟೆಲಿನಲ್ಲಿ ನಗುತ್ತಿದ್ದರು, ಅವಳ ತಟ್ಟೆ ಲೋಟದ ಬಗ್ಗೆಯೂ ಮಾತು ಬರುತ್ತಿತ್ತು. ಯಾಕೆ ಬರುತ್ತಿತ್ತೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಅವಳು ಕಲಿತಳು. ಒಂದು ಮಾತಿಗೆ ಎದುರಿನವರು ವಾರವಿಡೀ ಉರಿಯುವಂಥ ಉತ್ತರ ಕೊಡಲು ಕಲಿತಳು. ಈಗ ಅವಳ ತಂಟೆಗೆ ಯಾರೂ ಹೋಗುವುದಿಲ್ಲ, ಅದು ನನಗೆ ಸಂತೋಷದ ವಿಷಯವೇ. ಹೋದ ವರ್ಷ ಅಮಾನಿಕೆರೆಯ ದಂಡೆಯ ಮೇಲೆ ನಡೆಯುತ್ತಿದ್ದಾಗ ಹೇಳಿದಳು: "ಈಗ ಯಾರ ಮಾತೂ ನಾಟಲ್ಲ ಕಣೇ. ಅಮ್ಮನ ಮಾತೂ ನಾಟಲ್ಲ."

ಅವಳಿಗೆ ನಂಜು ಬೇಡವಿತ್ತು ಎಂದು ಹೇಳುವ ಹಕ್ಕು ನನಗಿಲ್ಲ. ಅವಳು ನುಂಗಿದ್ದನ್ನು ನಾನು ನುಂಗಿಲ್ಲ. ಆದರೆ "ಸ್ವಲ್ಪ ವಿಷ ಇರಲಿ" ಎಂದು ಸಲಹೆ ಕೊಡುವವರು ಬೀಗದ ಮಾತನ್ನು ಎತ್ತುವುದೇ ಇಲ್ಲ ಎಂಬುದು ನನ್ನ ದೂರು. ನಂಜು ಇಟ್ಟುಕೊಳ್ಳಲು ಕಲಿಸುತ್ತೇವೆ. ಕೆಟ್ಟ ಬೀಗವನ್ನು ಮನೆಯವರಿಗಾಗಿ ಮತ್ತೆ ಸರಿಮಾಡಿಕೊಳ್ಳುವುದನ್ನು ಅವರವರ ಪಾಡಿಗೆ ಬಿಡುತ್ತೇವೆ. ಕಪ್ಪೆಗಳ ವಂಶಕ್ಕೆ ಅದಕ್ಕಾಗಿ ಲಕ್ಷಾಂತರ ವರ್ಷಗಳ ಕಾಲಾವಕಾಶವಿತ್ತು. ನಮಗಿರುವುದು ಒಂದು ಆಯುಷ್ಯ.

ಇಷ್ಟಾಗಿಯೂ ನಂಜು ಎಲ್ಲರಿಂದಲೂ ಕಾಯುವುದಿಲ್ಲ. ಕೇರೆಹಾವು ನೆಲಗಪ್ಪೆಯನ್ನು ನುಂಗಿ ಅರಗಿಸಿಕೊಳ್ಳುತ್ತದೆ. ಈಕ್ವೆಡಾರಿನ ಆ ಕಪ್ಪೆಯನ್ನು ಅದರ ನಂಜೇ ಹಿಡಿದುಕೊಟ್ಟಿತು. ಜಾನ್ ಡೇಲಿ 1976ರಲ್ಲಿ 750 ಕಪ್ಪೆಗಳ ಚರ್ಮದಿಂದ ಬರೀ 60 ಮಿಲಿಗ್ರಾಂ ಆಲ್ಕಲಾಯ್ಡು ಮಿಶ್ರಣ ತೆಗೆದರು. ಅದರೊಳಗಿನ ಎಪಿಬ್ಯಾಟಿಡಿನ್ ನೋವು ತಗ್ಗಿಸುವುದರಲ್ಲಿ ಮಾರ್ಫಿನ್‌ಗಿಂತ ಸುಮಾರು 200 ಪಟ್ಟು ಪ್ರಬಲ. ಅದರ ರಚನೆ 1992ರಲ್ಲಿ ಪ್ರಕಟವಾಗುತ್ತಿದ್ದಂತೆ ಔಷಧ ಕಂಪನಿ ಅದರ ಮಾದರಿಯಲ್ಲಿ ಹೊಸ ಅಣು ಮಾಡಹೊರಟಿತು, ಈಕ್ವೆಡಾರಿನಲ್ಲಿ ಇದು ನಮ್ಮ ಸಂಪತ್ತಿನ ಕಳವು ಎಂಬ ಕೂಗೆದ್ದಿತು. ಔಷಧವಂತೂ ಬರಲಿಲ್ಲ. ಇನ್ನು ನಮ್ಮ ಅಡಿಕೆ ತೋಟ, ಗದ್ದೆಗಳಲ್ಲಿ ಸಿಂಪಡಿಸುವ ಔಷಧಿಗೆ ಕಪ್ಪೆಯ ನಂಜು ಲೆಕ್ಕಕ್ಕೇ ಇಲ್ಲ. ಕಪ್ಪೆ ನೀರು ಕುಡಿಯುವುದು ಚರ್ಮದಿಂದ, ಉಸಿರಾಟದಲ್ಲೂ ಚರ್ಮದ ಪಾಲಿದೆ. ನಂಜಿನ ಗೋಡೆ ಎಂದುಕೊಂಡದ್ದು ಬಾಗಿಲೂ ಆಗಿದೆ. ಔಷಧಿ ಡಬ್ಬಿಯ ಮೇಲೆ ಎಚ್ಚರಿಕೆಯ ಬಣ್ಣವಿದೆ ನಿಜ, ಅದನ್ನು ಅಚ್ಚು ಹಾಕಿರುವುದು ನಮ್ಮ ಕಣ್ಣಿಗಾಗಿ.

ಕೋಸ್ಟರಿಕಾ, ಪನಾಮಾದ ಕಾಡುಗಳಲ್ಲಿ ಸ್ಟ್ರಾಬೆರಿ ಬಣ್ಣದ ಇನ್ನೊಂದು ಡಾರ್ಟ್ ಕಪ್ಪೆಯಿದೆ. ಅದರ ತಾಯಿ ಗೊದಮೊಟ್ಟೆಗಳನ್ನು ಒಂದೊಂದಾಗಿ ಬೆನ್ನ ಮೇಲೆ ಹೊತ್ತು ಹೋಗಿ, ಎಲೆಗಳ ಬುಡದಲ್ಲಿ ನಿಂತ ಚಮಚದಷ್ಟು ನೀರಿನಲ್ಲಿ ಬೇರೆ ಬೇರೆಯಾಗಿ ಬಿಡುತ್ತದೆ. ಕೆಲವು ದಿನಗಳಿಗೊಮ್ಮೆ ಪ್ರತಿಯೊಂದರ ಹತ್ತಿರವೂ ಹತ್ತಿ ಬಂದು, ಮರಿಗೆ ತಿನ್ನಲೆಂದೇ ಫಲಿಸದ ಮೊಟ್ಟೆ ಇಡುತ್ತದೆ. ಮರಿಗೆ ಬೇರೆ ಊಟವಿಲ್ಲ. ಆ ಮೊಟ್ಟೆಯಲ್ಲಿ ತಾಯಿಯ ಆಲ್ಕಲಾಯ್ಡೂ ಇರುತ್ತದೆ. ಇನ್ನೂ ಕಾಲು ಮೂಡದ, ಒಂದು ಇರುವೆಯನ್ನೂ ತಿಂದಿರದ ಗೊದಮೊಟ್ಟೆ ಅಷ್ಟರಲ್ಲಾಗಲೇ ಕಹಿಯಾಗಿರುತ್ತದೆ.