ಸುಟ್ಟ ಗಡಿಗೆ, ಬಣ್ಣ ಬದಲಿಸಿದ ಬಟನ್

ಪರದೆಯ ಮೇಲಿನ ಬಟನ್, ಲೇಬಲ್, ಅಕ್ಷರ ತುಂಬುವ ಚೌಕ ಇವುಗಳಿಗೆಲ್ಲ ಎರಡೆರಡು ಬಣ್ಣ: ಅಕ್ಷರದ ಹಿಂದೆ ಹರಡುವ ಹಿನ್ನೆಲೆ ಬಣ್ಣ, ಅಕ್ಷರದ್ದೇ ಆದ ಮುನ್ನೆಲೆ ಬಣ್ಣ. ಪ್ರೋಗ್ರಾಮ್ ಬರೆಯುವವರು ಒಂದೊಂದು ಸಾಲಿನಲ್ಲಿ ಇವನ್ನು ನಿಗದಿ ಮಾಡುತ್ತಾರೆ. ಮೈಕ್ರೋಸಾಫ್ಟ್‌ನ ವಿಂಡೋಸ್ ಫಾರ್ಮ್ಸ್‌ನಲ್ಲಿ ಅವುಗಳ ಹೆಸರು ಬ್ಯಾಕ್‌ಕಲರ್ ಮತ್ತು ಫೋರ್‌ಕಲರ್. ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು ಹೇಳುವ ಮೂರು ಅಂಕಿಗಳೇ ಇಲ್ಲಿ ಬಣ್ಣ. ಒಂದೊಂದೂ 0ಯಿಂದ 255ರವರೆಗೆ. ಖಾನಾಪುರ ತಾಲ್ಲೂಕಿನ ಪಾರಿಶ್ವಾಡದ ರೈತನೊಬ್ಬ ಜಮೀನಿನ ಉತಾರ ಕೇಳಲು ಬಂದಿದ್ದಾನೆ, ಸರ್ವೆ ನಂಬರ್ ತಪ್ಪಾಗಿ ಬಿದ್ದರೆ ಬಿಳಿಯ ಚೌಕ ಕೆಂಪಾಗಬೇಕು ಎಂದಿಟ್ಟುಕೊಳ್ಳೋಣ. ಮೂರು ಅಂಕಿ ಬದಲಿಸಿದರೆ ಕೆಲಸ ಮುಗಿಯಿತು. ಆದರೆ ಕೆಂಪಾದದ್ದು ಮೊದಲಿದ್ದ ಚೌಕವೇ, ಅದರ ಜಾಗದಲ್ಲಿ ಬಂದು ಕೂತ ಬೇರೊಂದೇ?

ಭಾರತೀಯ ತಾರ್ಕಿಕರು ಈ ಪ್ರಶ್ನೆಯನ್ನು ಗಡಿಗೆಯ ವಿಷಯದಲ್ಲಿ ಕೇಳಿದ್ದರು. ಖಾನಾಪುರದ ಓದುಗನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ; ಹಂಚು, ಮಡಕೆಗಳ ಮಣ್ಣಿಗೆ ಹೆಸರಾದ ಆ ಊರಿನಲ್ಲೇ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. ಆವಿಗೆಗೆ ಹೋಗುವ ಹಸಿ ಗಡಿಗೆ ಕಪ್ಪು ಛಾಯೆಯದು, ಹೊರಗೆ ಬರುವುದು ಕೆಂಪು. ನಡುವೆ ಏನಾಯಿತು?

ವೈಶೇಷಿಕರ ಉತ್ತರ ಬೆಚ್ಚಿಬೀಳಿಸುವಂಥದು. ಬೆಂಕಿಯ ತಾಪಕ್ಕೆ ಗಡಿಗೆ ಪರಮಾಣುಗಳಾಗಿ ಒಡೆದುಹೋಗುತ್ತದೆ. ಒಂದೊಂದು ಪರಮಾಣುವಿನಲ್ಲೂ ಹಳೆಯ ಬಣ್ಣ ಅಳಿದು ಕೆಂಪು ಹುಟ್ಟುತ್ತದೆ. ಕೆಂಪು ಪರಮಾಣುಗಳು ಮತ್ತೆ ಕೂಡಿ ಹೊಸ ಗಡಿಗೆಯಾಗುತ್ತದೆ. ಇದು ಪೀಲುಪಾಕವಾದ. ಒತ್ತಾಗಿ ಕೂಡಿದ ಗಡಿಗೆಯ ಒಳಗಿನ ಕಣಗಳಿಗೆ ಬೆಂಕಿ ತಲುಪಬೇಕಾದರೆ ಗಡಿಗೆ ಬಿಚ್ಚಿಕೊಳ್ಳಲೇಬೇಕು ಎಂಬುದು ಅವರ ವಾದ. ಈ ಅಳಿವು ಹುಟ್ಟಿಗೆ ಎಷ್ಟು ಕ್ಷಣ ಬೇಕು, ಒಂಬತ್ತೋ ಹತ್ತೋ ಎಂದು ವ್ಯಾಖ್ಯಾನಕಾರರು ಲೆಕ್ಕ ಹಾಕುತ್ತ ಕೂತರು. ನೈಯಾಯಿಕರು ಒಪ್ಪಲಿಲ್ಲ. ಗಡಿಗೆ ಒಡೆದೇ ಹೋಗಿದ್ದರೆ ಅದರ ಮೇಲೆ ಪೇರಿಸಿದ ಗಡಿಗೆಗಳು ಯಾಕೆ ಕುಸಿಯಲಿಲ್ಲ? ಆಕಾರ, ಅಳತೆ, ಎಣಿಕೆ ಯಾಕೆ ಹಾಗೇ ಇವೆ? ನೀರು ತುಂಬಿಟ್ಟರೆ ಗಡಿಗೆ ಹೊರಗೆ ಜಿನುಗುವುದಿಲ್ಲವೇ? ನೀರು ಹೊರಬರುವ ಸೂಕ್ಷ್ಮ ರಂಧ್ರಗಳಲ್ಲೇ ಬೆಂಕಿ ಒಳಹೋಗುತ್ತದೆ. ಆದ್ದರಿಂದ ಇಡೀ ಗಡಿಗೆ ಗಡಿಗೆಯಾಗಿದ್ದುಕೊಂಡೇ ಬಣ್ಣ ಬದಲಿಸುತ್ತದೆ, ಇದು ಪಿಠರಪಾಕವಾದ. ಕುಂಬಾರನನ್ನು ಕೇಳಿದರೆ ನೈಯಾಯಿಕರ ಕಡೆಗೇ ಮತ ಹಾಕಿಯಾನು.

2002ರಲ್ಲಿ ಬಂದ ವಿಂಡೋಸ್ ಫಾರ್ಮ್ಸ್ ಅಪ್ಪಟ ನೈಯಾಯಿಕ. ಚೌಕ ಒಮ್ಮೆ ಹುಟ್ಟಿದರೆ ಅದಕ್ಕೆ ವ್ಯವಸ್ಥೆ ಕೊಟ್ಟ ಗುರುತಿನ ಸಂಖ್ಯೆ ಇರುತ್ತದೆ. ಬ್ಯಾಕ್‌ಕಲರ್ ಬದಲಿಸಿದಾಗ ಆ ಸಂಖ್ಯೆ ಬದಲಾಗುವುದಿಲ್ಲ. ಚೌಕ ತನ್ನ ಮೈಯನ್ನು ಮತ್ತೆ ಬಳಿಯಬೇಕೆಂದು ಕೇಳಿಕೊಳ್ಳುತ್ತದೆ, ಅಷ್ಟೆ. ದ್ರವ್ಯ ನಿಂತಿದೆ, ಗುಣ ಬದಲಾಗಿದೆ. ಗೂಗಲ್‌ನ ಫ್ಲಟರ್ ಬೇರೆ ದಾರಿ ಹಿಡಿಯಿತು; ಅದರ ಮೊದಲ ಸ್ಥಿರ ಆವೃತ್ತಿ 2018ರದು. ಅಲ್ಲಿ ಪರದೆಯ ಒಂದೊಂದು ಭಾಗವನ್ನು ಬಣ್ಣಿಸುವ ವಿಜೆಟ್ ಎಂಬುದಕ್ಕೆ ಬದಲಾವಣೆಯೇ ಇಲ್ಲ. ಬಿಳಿಯ ವಿಜೆಟ್ ಕೆಂಪಾಗಲಾರದು. ಅದನ್ನು ಬಿಸಾಡಿ ಕೆಂಪು ವಿಜೆಟ್ ಒಂದನ್ನು ಕಟ್ಟಬೇಕು. ಸಾಮಾನ್ಯ ಪರದೆ ಸೆಕೆಂಡಿಗೆ 60 ಬಾರಿ ಹೊಸದಾಗುವುದರಿಂದ ಈ ಅಳಿವು ಹುಟ್ಟು ನೋಡುವವನಿಗೆ ತಿಳಿಯುವುದೇ ಇಲ್ಲ. ತೀರಾ ಬೇಗ ನಡೆಯುವುದರಿಂದ ಗಡಿಗೆ ಒಡೆದದ್ದು ಕಾಣದು ಎಂದು ವೈಶೇಷಿಕರು ಹೇಳಿದ್ದೂ ಇದನ್ನೇ.

ಆದರೆ ಫ್ಲಟರ್ ಪೂರ್ತಿ ವೈಶೇಷಿಕವೂ ಅಲ್ಲ. ವಿಜೆಟ್‌ನ ಹಿಂದೆ ಎಲಿಮೆಂಟ್ ಎಂಬುದೊಂದಿದೆ. ಹೊಸ ವಿಜೆಟ್ ಅದೇ ಜಾತಿಯದಾಗಿ, ಅದಕ್ಕೆ ಗುರುತಾಗಿ ಕೊಟ್ಟ ಕೀ ಕೂಡ ಅದೇ ಆಗಿದ್ದರೆ ಹಳೆಯ ಎಲಿಮೆಂಟ್ ಉಳಿದುಕೊಂಡು ಹೊಸ ಬಣ್ಣವನ್ನು ಹೊರುತ್ತದೆ. ಬರೆಯುತ್ತಿದ್ದ ಅಕ್ಷರಗಳು ಕಳೆಯುವುದಿಲ್ಲ. ಕೀ ಬದಲಿಸಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ: ಎಲಿಮೆಂಟ್ ಕೂಡ ಹೋಗಿ, ಅರ್ಧ ತುಂಬಿದ ಸರ್ವೆ ನಂಬರ್ ಬೇರೆಲ್ಲೂ ಉಳಿಸಿರದಿದ್ದರೆ ಮಾಯವಾಗುತ್ತದೆ. ಈ ಏರ್ಪಾಡಿಗೆ ಸರಿಹೊಂದುವ ದರ್ಶನ ಜೈನರದು. ತತ್ತ್ವಾರ್ಥಸೂತ್ರ ಸತ್ತಿಗೆ ಕೊಡುವ ಲಕ್ಷಣದಲ್ಲಿ ಉತ್ಪಾದ, ವ್ಯಯ, ಧ್ರೌವ್ಯ ಮೂರೂ ಸೇರಿವೆ. ಪರ್ಯಾಯಗಳು, ಅಂದರೆ ಅವಸ್ಥೆಗಳು, ಹುಟ್ಟುತ್ತವೆ, ಅಳಿಯುತ್ತವೆ, ದ್ರವ್ಯ ನಿಲ್ಲುತ್ತದೆ. ಈ ಮತ ಖಾನಾಪುರ ಸೀಮೆಗೆ ಹೊಸದೂ ಅಲ್ಲ. ಅದೇ ತಾಲ್ಲೂಕಿನ ಹಲಸಿಯಲ್ಲಿ, ಅಂದರೆ ಅಂದಿನ ಪಲಾಶಿಕೆಯಲ್ಲಿ, ಕದಂಬ ಮೃಗೇಶವರ್ಮ 5ನೇ ಶತಮಾನದಲ್ಲಿ ಜಿನಾಲಯ ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳಿಗೆ ಭೂಮಿ ಬಿಟ್ಟದ್ದು ತಾಮ್ರಪಟದಲ್ಲಿದೆ. ಒಡೆಯಿತು, ಒಡೆಯಲಿಲ್ಲ ಎಂಬ ಎರಡು ಪಕ್ಷಗಳಲ್ಲಿ ಒಂದನ್ನೇ ಹಿಡಿಯಬೇಕಿಲ್ಲ ಎನ್ನುವ ಧೈರ್ಯ ಜೈನರಿಗಿತ್ತು. ಬಣ್ಣದ ವಿಷಯದಲ್ಲಂತೂ ಅದು ಹೆಚ್ಚು ಪ್ರಾಮಾಣಿಕವಾದ ನಿಲುವು.

ಇನ್ನೊಂದು ಪ್ರಶ್ನೆ ಒಡೆತನದ್ದು. ಬಣ್ಣ ನಿಗದಿ ಮಾಡದ ಲೇಬಲ್‌ಗೂ ಬಣ್ಣ ಕಾಣುತ್ತದಲ್ಲ, ಅದು ಯಾರದು? ವಿಂಡೋಸ್ ಫಾರ್ಮ್ಸ್‌ನಲ್ಲಿ ಅದು ತನ್ನನ್ನು ಹೊತ್ತ ಫಾರ್ಮಿನಿಂದ ಪಡೆದದ್ದು. ದಾಸವಾಳದ ಪಕ್ಕದಲ್ಲಿಟ್ಟ ಸ್ಫಟಿಕ ಕೆಂಪಾಗಿ ಕಂಡರೂ ಆ ಕೆಂಪು ಸ್ಫಟಿಕದ್ದಲ್ಲ, ಉಪಾಧಿಯದು ಎಂದು ಅದ್ವೈತಿಗಳು ಹೇಳುತ್ತಾರೆ. ಲೇಬಲ್‌ನ ಸ್ಥಿತಿಯೂ ಅದೇ. ಹಿನ್ನೆಲೆಯನ್ನು ಪಾರದರ್ಶಕ ಎಂದು ಬರೆದರೆ ಸೋಜಿಗ ಇನ್ನೂ ಹೆಚ್ಚು: ಲೇಬಲ್ ಫಾರ್ಮಿನ ಬಣ್ಣವನ್ನು ತನ್ನ ಮೈಮೇಲೆ ಬಳಿದುಕೊಂಡು ಪಾರದರ್ಶಕದಂತೆ ನಟಿಸುತ್ತದೆ. ಅದರ ಅಡಿಯಲ್ಲಿ ಇನ್ನೊಂದು ಬಟನ್ ಇದ್ದರೆ ಅದು ಕಾಣುವುದಿಲ್ಲ. ವೆಬ್ ಪುಟಗಳ ಸಿಎಸ್‌ಎಸ್‌ನಲ್ಲಿ ನಿಯಮ ಬೇರೆ: ಅಕ್ಷರದ ಬಣ್ಣ ಮೇಲಿನವರಿಂದ ಇಳಿದು ಬರುತ್ತದೆ, ಹಿನ್ನೆಲೆ ಬರುವುದಿಲ್ಲ, ಅದು ಮೂಲತಃ ಪಾರದರ್ಶಕವಾಗಿದ್ದು ಹಿಂದಿನದು ನಿಜವಾಗಿಯೇ ತೋರುತ್ತದೆ.

ಎರವಲು ಬಣ್ಣದ ತೊಂದರೆ ಗೊತ್ತಾಗುವುದು ಎರಡರಲ್ಲಿ ಒಂದನ್ನು ಮಾತ್ರ ನಿಗದಿ ಮಾಡಿದಾಗ. ಹಿನ್ನೆಲೆಗೆ ಬಿಳಿ ಕೊಟ್ಟು ಅಕ್ಷರದ ಬಣ್ಣವನ್ನು ವ್ಯವಸ್ಥೆಗೆ ಬಿಟ್ಟರೆ, ಬಳಕೆದಾರ ಕಪ್ಪು ಥೀಮ್ ಹಾಕಿಕೊಂಡ ದಿನ ಬಿಳಿಯ ಮೇಲೆ ಬಿಳಿ ಅಕ್ಷರ ಬಿದ್ದು ಏನೂ ಕಾಣದು. ಓದಲು ಬರುವುದು ಎರಡು ಬಣ್ಣಗಳ ಅಂತರದಿಂದ. ಅದು ಎರಡರಲ್ಲಿ ಯಾವ ಒಂದರ ಗುಣವೂ ಅಲ್ಲ. ವೆಬ್ ಪ್ರವೇಶಾರ್ಹತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5:1 ಅನುಪಾತ ಕೇಳುತ್ತದೆ. ಕಪ್ಪು ಬಿಳುಪಿನ ನಡುವೆ ಇರುವುದು 21:1.

ಕೊನೆಗೆ ಉಳಿಯುವುದು ಬಣ್ಣವೇ ಇಲ್ಲದಿರುವ ಸ್ಥಿತಿ. ನಂತರದ ವೈಶೇಷಿಕರು ಅಭಾವವನ್ನೂ ಒಂದು ಪದಾರ್ಥವೆಂದು ಎಣಿಸಿದರು, ಬೇರೆಯವರು ಅದು ಅತಿಯಾಯಿತು ಎಂದರು. ಮೈಕ್ರೋಸಾಫ್ಟ್ 2006ರಲ್ಲಿ ತಂದ ಡಬ್ಲ್ಯುಪಿಎಫ್‌ನಲ್ಲಿ ಈ ಜಗಳ ಕೈಗೆ ಸಿಗುವಷ್ಟು ಹತ್ತಿರ ಬರುತ್ತದೆ. ಅಲ್ಲಿ ಒಂದು ಫಲಕಕ್ಕೆ ಹಿನ್ನೆಲೆಯನ್ನು ಕೊಡದೇ ಇರಬಹುದು, ಪಾರದರ್ಶಕ ಎಂದು ಕೊಡಲೂಬಹುದು. ಕಣ್ಣಿಗೆ ಎರಡೂ ಒಂದೇ. ಪಾರದರ್ಶಕ ಬಣ್ಣವಿದ್ದರೆ ಖಾಲಿ ಜಾಗದ ಮೇಲಿನ ಕ್ಲಿಕ್ ಫಲಕಕ್ಕೆ ತಲುಪುತ್ತದೆ. ಹಿನ್ನೆಲೆಯೇ ಇಲ್ಲದಿದ್ದರೆ ಕ್ಲಿಕ್ ಅದನ್ನು ದಾಟಿ ಅಡಿಯಲ್ಲಿದ್ದುದಕ್ಕೆ ಹೋಗುತ್ತದೆ. ಪಟ್ಟಿಯ ಒಂದು ಸಾಲಿನಲ್ಲಿ ಎಲ್ಲಿ ಒತ್ತಿದರೂ ಅದು ಆಯ್ಕೆಯಾಗಬೇಕು ಎನ್ನುವವರು ಅದಕ್ಕಾಗಿಯೇ ಕಾಣದ ಬಣ್ಣವೊಂದನ್ನು ಬರೆದಿಡುತ್ತಾರೆ.