ನಾಲ್ಕು ಹಂಗೆ, ನಾಲ್ಕು ಹಿಂಗೆ

ಪಹಣಿಯ ಜೆರಾಕ್ಸ್ ಮಾಡಿಸಲೆಂದು ಶ್ರೀರಾಂಪುರದ ಒಂದು ಸ್ಟುಡಿಯೋಗೆ ಹೋಗಿದ್ದೆ. ಹೋಬಳಿ ಊರುಗಳಲ್ಲಿ ಈಗ ಸ್ಟುಡಿಯೋ ಎಂದರೆ ಫೋಟೋ ತೆಗೆಯುವ ಜಾಗ ಮಾತ್ರವಲ್ಲ. ಜೆರಾಕ್ಸು, ಲ್ಯಾಮಿನೇಷನ್ನು, ಆನ್‌ಲೈನ್ ಅರ್ಜಿ, ಮೊಬೈಲ್ ರೀಚಾರ್ಜು, ಎಲ್ಲಕ್ಕೂ ಅದೇ ಬಾಗಿಲು. ಒಳಗೆ ನೀಲಿ ಪರದೆಯ ಮುಂದೆ ಸ್ಟೂಲಿನ ಮೇಲೆ ಒಬ್ಬಳು ಹುಡುಗಿ ಕೂತಿದ್ದಳು. ಎಸ್ಸೆಸ್ಸೆಲ್ಸಿ ಅರ್ಜಿಗೆ ಫೋಟೋ ಬೇಕಂತೆ. ಜೊತೆಗೆ ಅವ್ವ ಬಂದಿದ್ದಳು, ಅಜ್ಜಿಯೂ ಬಂದಿದ್ದಳು. ಒಂದು ಪಾಸ್‌ಪೋರ್ಟ್ ಸೈಜ್ ಫೋಟೋಗೆ ಮೂರು ತಲೆಮಾರು.

ತಯಾರಿ ಹಿಂದಿನ ದಿನವೇ ಶುರುವಾಗಿತ್ತು ಎನ್ನುವುದು ನೋಡಿದರೇ ತಿಳಿಯುತ್ತಿತ್ತು. ತಲೆಗೆ ನೀರು ಹಾಕಿಸಿ, ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ, ಎರಡು ಜಡೆ ಮಡಿಚಿ ರಿಬ್ಬನ್ ಕಟ್ಟಿದ್ದರು. ತೆಂಗಿನ ಸೀಮೆಯಲ್ಲಿ ಎಣ್ಣೆಗೆ ಬರವೇ? ಯೂನಿಫಾರ್ಮಿಗೆ ಇಸ್ತ್ರಿ ಬಿದ್ದಿತ್ತು. ಕೈಬೆರಳು ಮಾತ್ರ ಅಡಿಕೆ ಚೊಗರಿನಿಂದ ಕಪ್ಪಾಗಿದ್ದವು. ಸುಲಿತದ ಕಾಲ. ಅದು ಎಷ್ಟು ಉಜ್ಜಿದರೂ ಹೋಗುವಂಥದ್ದಲ್ಲ. ಅವಳು ಎರಡೂ ಕೈ ಮುಷ್ಟಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದಳು.

"ಕೈ ಬರಲ್ಲ ಕಣಮ್ಮ, ಎದೆ ಮಟ ಅಷ್ಟೇಯ" ಎಂದ ಫೋಟೋ ತೆಗೆಯುವ ಹುಡುಗ. "ಎಣ್ಣೆ ಜಾಸ್ತಿ ಆಗೈತೆ, ಹಣೆ ಮಿಂಚುತ್ತೆ, ಒರೆಸ್ಕ."

ಅವ್ವ ಸೆರಗಿನಲ್ಲಿ ಒರೆಸಿದಳು. ಎಣ್ಣೆಯ ಜೊತೆಗೆ ವಿಭೂತಿಯೂ ಹೋಯಿತು. ಅಜ್ಜಿಗೆ ಸಹಿಸಲಾಗಲಿಲ್ಲ. "ಬರೀ ಹಣೇಲಿ ಫೋಟ ಇಡಿಸ್ತಾರೇನೆ?" ಎಂದು ಸಂಚಿಯಿಂದ ವಿಭೂತಿ ಗಟ್ಟಿ ತೆಗೆದು ಮತ್ತೆ ಎಳೆದಳು. ಗೋಡೆಯ ಕನ್ನಡಿಯ ಪಕ್ಕ ಬಾಚಣಿಗೆಯೊಂದು ದಾರಕ್ಕೆ ನೇತಾಡುತ್ತಿತ್ತು. ಯಾರೂ ಒಯ್ಯಬಾರದೆಂದು ಕಟ್ಟಿದ್ದು. ಅದರ ಕೆಳಗೆ ಪೌಡರ್ ಡಬ್ಬಿ. ಪೌಡರನ್ನು ಮುಖಕ್ಕೆ ಹಾಕಿ ಕತ್ತಿಗೆ ಮರೆತರೆ ಗಲ್ಲದ ಕೆಳಗೆ ಒಂದು ಗಡಿರೇಖೆ ಏಳುತ್ತದೆ. ಅವಳಿಗೂ ಎದ್ದಿತ್ತು.

"ಕಿವಿ ಎಲ್ಡೂ ಕಾಣ್‌ಬೇಕು. ನಗಬ್ಯಾಡ. ಹಂಗಂತ ಗುರಾಯಿಸಲೂಬ್ಯಾಡ."

ಫ್ಲಾಶ್ ಮಿಂಚಿತು. ಮುಗಿಯಿತು ಅಂದುಕೊಂಡೆ. ಆದರೆ ನಿಜವಾದ ಕೆಲಸ ಇದ್ದದ್ದು ಕಂಪ್ಯೂಟರಿನಲ್ಲಿ. ಹುಡುಗ ಮೌಸು ಹಿಡಿದ. ನೋಡನೋಡುತ್ತಿದ್ದಂತೆ ಪರದೆಯ ಮೇಲಿನ ಮುಖ ರಾಗಿ ಬಣ್ಣದಿಂದ ಗೋಧಿಗೆ, ಗೋಧಿಯಿಂದ ಮೈದಾಕ್ಕೆ ಬಂತು. ಮೊಡವೆ ಹೋಯಿತು. ಹುಬ್ಬಿನ ಮೇಲಿದ್ದ ಹಳೆಯ ಗಾಯದ ಕಲೆಯೂ ಹೋಯಿತು. ಬೆಳ್ಳಗೆ ಮಾಡು ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ, ಅದೂ ನಿಜ.

ಅಜ್ಜಿ ಬಗ್ಗಿ ನೋಡಿ ಕೇಳಿದಳು: "ಇದ್ಯಾರವ್ವ?"

ಎಲ್ಲರೂ ನಕ್ಕೆವು. ನನಗೆ ಮಾತ್ರ ಆ ಪ್ರಶ್ನೆ ಬಸ್ಸು ಹತ್ತಿದ ಮೇಲೂ ಬಿಡಲಿಲ್ಲ.

ಆ ಅಜ್ಜಿಯ ವಯಸ್ಸಿನವರನ್ನು ಕೇಳಿ ನೋಡಿ. ಜೀವಮಾನದ ಮೊದಲ ಫೋಟೋ ಯಾವುದೆಂದರೆ ಬಹಳ ಮಂದಿ ಹೇಳುವುದು ವೋಟಿನ ಕಾರ್ಡಿನದು. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಭಾವಚಿತ್ರವಿರುವ ಗುರುತಿನ ಚೀಟಿ ಜಾರಿಗೆ ಬಂತು. ಆಮೇಲಿನ ವರ್ಷಗಳಲ್ಲಿ ಹಳ್ಳಿಯ ಹೆಂಗಸರು ಸಾಲಾಗಿ ಶಾಲೆಯ ಬೆಂಚಿನ ಮೇಲೆ ಕೂತು ಮುಖ ಕೊಟ್ಟರು. ಅದೇ ಮಸುಕು ಮುಖವನ್ನು ಎಷ್ಟೋ ಮನೆಗಳಲ್ಲಿ ಕೊನೆಗೆ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಾರ ಹಾಕಿದ್ದಾರೆ. ಅವ್ವನ ತಲೆಮಾರಿನ ಕಥೆ ಬೇರೆ. ಅವಳನ್ನು ಸ್ಟುಡಿಯೋಗೆ ಕರೆದೊಯ್ದದ್ದು ಗಂಡಿನ ಕಡೆಯವರಿಗೆ ಕಳಿಸಲು. ಬಣ್ಣ ಬಳಿದ ಉದ್ಯಾನವನದ ಪರದೆ, ಕಟ್ಟಿಗೆಯ ಕಟಾಂಜನ, ಪ್ಲಾಸ್ಟಿಕ್ ಹೂವು, ಎರವಲು ಸೀರೆ. ಕಪ್ಪು ಬಿಳುಪಿನ ಕಾಲದಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖವನ್ನು ತಿಳಿಗೊಳಿಸುವ ನುರಿತ ಕೈಗಳಿದ್ದವು. ಹೆಣ್ಣಿನ ಫೋಟೋ ಎಂದರೆ ಒಪ್ಪಿಗೆ ಕೇಳುವ ಅರ್ಜಿ, ಅರ್ಜಿ ಚೊಕ್ಕವಾಗಿರಬೇಕಲ್ಲ! ಇವತ್ತಿನ ಹುಡುಗನ ಮೌಸು ಆ ಪೆನ್ಸಿಲ್ಲಿನ ಮೊಮ್ಮಗ.

ಆದರೆ ಹತ್ತನೇ ತರಗತಿಯ ಹುಡುಗಿ ಸ್ಟೂಲಿನ ಮೇಲೆ ಕೂತಿರುವುದು ಯಾರ ಒಪ್ಪಿಗೆಗೂ ಅಲ್ಲ. ಅವಳು 625 ಅಂಕದ ಪರೀಕ್ಷೆಗೆ ತನ್ನ ಹೆಸರಿನಲ್ಲಿ ತಾನು ಹೋಗುತ್ತಿದ್ದಾಳೆ. ಮೂರು ತಲೆಮಾರಿನಲ್ಲಿ ತನ್ನದೇ ಕೆಲಸಕ್ಕಾಗಿ ಫೋಟೋ ಹಿಡಿಸಿಕೊಳ್ಳುತ್ತಿರುವವಳು ಬಹುಶಃ ಇವಳೇ ಮೊದಲು. ಹಳೆಯ ಚಾಳಿ ಮಾತ್ರ ಅವಳ ಹಿಂದೆಯೇ ಸ್ಟುಡಿಯೋ ಹೊಕ್ಕಿದೆ.

ಈ ಬಿಳಿಯ ಹುಚ್ಚು ನಮ್ಮವರೇ ಕಂಡುಹಿಡಿದದ್ದೂ ಅಲ್ಲ. ಕಳೆದ ಶತಮಾನದ ನಡುಭಾಗದಿಂದ ಕೊಡಕ್ ಕಂಪನಿ ಫೋಟೋ ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿ ಇರುತ್ತಿದ್ದದ್ದು ಬಿಳಿಯ ಹೆಂಗಸು. ಮೊದಲ ಮಾದರಿಯ ಹೆಸರಿನಿಂದ ಅದನ್ನು ಶರ್ಲಿ ಕಾರ್ಡ್ ಎಂದೇ ಕರೆದರು. ಶರ್ಲಿಯ ಮೈಬಣ್ಣ ಸರಿಯಾಗಿ ಬಂದರೆ ಪ್ರಿಂಟು ಸರಿ ಎಂದು ಲೆಕ್ಕ. ಕಪ್ಪು ಮಕ್ಕಳು ಬಿಳಿ ಮಕ್ಕಳ ಪಕ್ಕದಲ್ಲಿ ಕೂತ ಕ್ಲಾಸ್ ಫೋಟೋಗಳಲ್ಲಿ ಕಣ್ಣು ಹಲ್ಲು ಬಿಟ್ಟರೆ ಉಳಿದದ್ದು ಕತ್ತಲೆ. ತಾಯಂದಿರ ದೂರಿಗಿಂತ ಹೆಚ್ಚು ತೂಕ ಬಂದದ್ದು ಚಾಕೊಲೇಟ್ ತಯಾರಕರ ಮತ್ತು ಮರದ ಪೀಠೋಪಕರಣದವರ ತಕರಾರಿಗೆ: ನಮ್ಮ ಸರಕಿನ ಕಂದು ಬಣ್ಣ ಸರಿಯಾಗಿ ಬರುತ್ತಿಲ್ಲ ಎಂದು ಅವರು ಹೇಳಿದ ಮೇಲೆ ಕಂಪನಿ ಫಿಲ್ಮನ್ನು ತಿದ್ದಿತು. ಮಗುವಿನ ಮುಖಕ್ಕಿಲ್ಲದ ಬೆಲೆ ಮೇಜಿನ ಕಾಲಿಗೆ! ಈಗ ಫಿಲ್ಮೂ ಇಲ್ಲ, ಶರ್ಲಿಯೂ ಇಲ್ಲ. ಶ್ರೀರಾಂಪುರದ ಆ ಕ್ಯಾಮೆರಾ ರಾಗಿಯನ್ನು ರಾಗಿಯಾಗಿಯೇ ಹಿಡಿದಿತ್ತು. ಕೆಡಿಸಿದ್ದು ಆಮೇಲಿನ ಒಂದು ನಿಮಿಷ.

ಅಷ್ಟಕ್ಕೂ ಪ್ರವೇಶ ಪತ್ರದ ಮೇಲೆ ಫೋಟೋ ಯಾಕೆ ಇರುತ್ತದೆ? ಕೊಠಡಿಯ ಮೇಲ್ವಿಚಾರಕರು ಚಿತ್ರವನ್ನೂ ಮುಖವನ್ನೂ ಹೋಲಿಸಿ, ಇವಳೇ ಅವಳು ಎಂದು ಖಾತ್ರಿ ಮಾಡಿಕೊಳ್ಳಲಿ ಎಂದು. ಗಾಯದ ಕಲೆ, ಮೈಬಣ್ಣ, ಎಲ್ಲ ಅಳಿಸಿ ಗುರುತಿನ ಚಿತ್ರ ಕೊಡುವುದು ಬೀಗ ಬದಲಿಸಿ ಹಳೆಯ ಕೀಲಿ ಕೊಟ್ಟ ಹಾಗೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಓಡಾಡುತ್ತಿದ್ದಾರಲ್ಲ, ಹೊಸದುರ್ಗದ ಬಸ್ಸಿನಲ್ಲಿ ಒಮ್ಮೆ ಕಂಡಕ್ಟರ್ ಒಬ್ಬ ಹುಡುಗಿಯ ಆಧಾರ್ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ಅದರಲ್ಲಿದ್ದದ್ದು ಅಂಗನವಾಡಿ ವಯಸ್ಸಿನ ಮುಖ. "ನಿನ್ ತಂಗೀದ ಇದು?" ಅಂದ. ಹದಿನೈದು ತುಂಬಿದಾಗ ಆಧಾರಿಗೆ ಹೊಸ ಬೆರಳಚ್ಚು, ಹೊಸ ಫೋಟೋ ಕೊಡಬೇಕೆಂಬ ನಿಯಮವಿದೆ. ಹತ್ತನೇ ಕ್ಲಾಸಿನ ಗಡಿಬಿಡಿಯಲ್ಲಿ ಮರೆಯುವವರೇ ಹೆಚ್ಚು. ಸ್ಟುಡಿಯೋಗೆ ಹೋದ ದಿನವೇ ಅದನ್ನೂ ಮುಗಿಸಿಕೊಂಡು ಬಂದರೆ ಒಂದು ಬಸ್ ಓಡಾಟ ಉಳಿಯುತ್ತದೆ.

ಶಾಲೆ ಮುಗಿಸುವಾಗಿನ ಫೋಟೋ ಎಲ್ಲ ಕಡೆಯೂ ಹೀಗೆ ಬರೀ ಗುರುತಿಗಲ್ಲ. ಅಮೆರಿಕದಲ್ಲಿ ಹೈಸ್ಕೂಲಿನ ಕೊನೆಯ ವರ್ಷದ ಭಾವಚಿತ್ರ ಒಂದು ಸಣ್ಣ ಮದುವೆಯಷ್ಟು ಸಡಗರ. ನಾಲ್ಕು ಜೊತೆ ಬಟ್ಟೆ, ಮೆಚ್ಚಿನ ಜಾಗ, ಗಿಟಾರು, ಸಾಕಿದ ನಾಯಿ. ಅಲ್ಲಿ ಈ ಪದ್ಧತಿಗೆ ವಯಸ್ಸಾಗಿದೆ: ಬಾಸ್ಟನ್ನಿನ ಜಾರ್ಜ್ ವಾರನ್ ಎಂಬ ಫೋಟೋಗ್ರಾಫರ್ 1860ರ ದಶಕದಲ್ಲೇ ಕಾಲೇಜು ಬಿಡುವ ಹುಡುಗರ ಮುಖಗಳನ್ನು ತೆಗೆದು ಕೊಡುತ್ತಿದ್ದ, ಹುಡುಗರು ಅವನ್ನು ಆಲ್ಬಮ್ಮಾಗಿ ಕಟ್ಟಿಸಿಕೊಳ್ಳುತ್ತಿದ್ದರು. ನಮ್ಮಲ್ಲಿ ಒಬ್ಬೊಬ್ಬರ ಮುಖಕ್ಕೆ ಅಷ್ಟು ಪುರಸೊತ್ತಿಲ್ಲ. ನಮ್ಮದು ಗ್ರೂಪ್ ಫೋಟೋ. ಶಾರದಾ ಪೂಜೆಯ ದಿನವೋ ಸೆಂಡ್‌ಆಫ್ ದಿನವೋ ಹೆಡ್‌ಮಾಸ್ಟರ್ ಕೋಣೆಯ ಕುರ್ಚಿಗಳು ಅಂಗಳಕ್ಕೆ ಬರುತ್ತವೆ. ಮೇಷ್ಟ್ರು, ಟೀಚರಮ್ಮಂದಿರು ಕುರ್ಚಿಯಲ್ಲಿ. ಎತ್ತರದವರು ಬೆಂಚು ಹತ್ತಿ ಹಿಂದೆ. ಕುಳ್ಳರು ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ. ಅವತ್ತು ಹುಡುಗಿಯರು ಅವ್ವಂದಿರ ಸೀರೆ ಉಟ್ಟು, ಪಿನ್ನು ಚುಚ್ಚಿಸಿಕೊಂಡು, ಒಂದೇ ದಿನಕ್ಕೆ ದೊಡ್ಡವರಾಗಿ ಬರುತ್ತಾರೆ. ಅಲ್ಲಿ ಕೈಗಳೂ ಕಾಣುತ್ತವೆ. ಮುಂದಿನ ಸಾಲಿನವರ ಕೈ ಮಂಡಿಯ ಮೇಲೆ, ಅಡಿಕೆ ಚೊಗರಿನ ಸಮೇತ.

ನಮ್ಮ ಕಾಲದಲ್ಲಿ ಆ ಫೋಟೋಗೆ ದುಡ್ಡು ಕೊಡಲಾಗದವರೂ ಸಾಲಿನಲ್ಲಿ ನಿಲ್ಲುತ್ತಿದ್ದರು. ನಿಲ್ಲಲು ಕಾಸಿಲ್ಲ, ಕಾಪಿಗೆ ಮಾತ್ರ ಕಾಸು. ನನ್ನ ಎಡಕ್ಕೆ ನಿಂತಿದ್ದ ಹುಡುಗ ಕಾಪಿ ತೆಗೆದುಕೊಳ್ಳಲೇ ಇಲ್ಲ. ಅವನ ಹದಿನಾರರ ಮುಖ ನನ್ನ ಮನೆಯಲ್ಲಿದೆ, ಅವನ ಮನೆಯಲ್ಲಿ ಇಲ್ಲ.

ಮತ್ತೆ ಸ್ಟುಡಿಯೋಗೆ. ಅಜ್ಜಿ ಕೇಳಿದ ಮೇಲೆ ಹುಡುಗಿಗೂ ಧೈರ್ಯ ಬಂತು. "ಅಣ್ಣ, ನಂದು ಮದ್ಲಿನಂಗೇ ಇರ್ಲಿ" ಎಂದಳು. ಅವ್ವ ಬಿಡಲಿಲ್ಲ: "ಬೆಳ್ಳಗೈತೆ, ಚೆನ್ನಾಗೈತೆ, ಅದೇ ಇರ್ಲಿ ಕಣಪ್ಪ." ಹುಡುಗ ವ್ಯಾಪಾರ ಬಲ್ಲವನು. ಒಂದು ಹಾಳೆಯಲ್ಲಿ ಎಂಟು ಫೋಟೋ ಹಿಡಿಯುತ್ತವೆ. "ನಾಲ್ಕು ಹಂಗೆ, ನಾಲ್ಕು ಹಿಂಗೆ ಹಾಕ್ತೀನಿ ಬಿಡ್ರಮ್ಮ" ಎಂದು ಪ್ರಿಂಟು ಒತ್ತಿಯೇ ಬಿಟ್ಟ. ಕತ್ತರಿಸಿ, ಎಂಟನ್ನೂ ಒಂದೇ ಕವರಿಗೆ ಹಾಕಿ ಕೊಟ್ಟ.

ಬೆಳ್ಳನೆಯ ನಾಲ್ಕನ್ನು ಅವ್ವ ಯಾರಿಗೆ ಬೇಕಾದರೂ ತೋರಿಸಿಕೊಳ್ಳಲಿ. ಅರ್ಜಿಯ ಜೊತೆ ಶಾಲೆಗೆ ಕೊಡುವಾಗ ಮಾತ್ರ, ತಾಯಿ, ಕವರಿನಿಂದ ರಾಗಿ ಬಣ್ಣದ್ದನ್ನೇ ಆರಿಸಿ ಕೊಡು.