ತಟ್ಟೆಯ ಕೊನೆಯಲ್ಲಿ ಒಂದು ಹೆಸರು

 

ಮಾವನವರ ಮನೆಯ ಅಟ್ಟದಿಂದ ಹಳೆಯ ಗ್ರಾಮಫೋನೊಂದನ್ನು ಇಳಿಸಿದೆವು. ಕೀಲಿ ತಿರುಗುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಉಕ್ಕಿನ ಸುರುಳಿ, ಹಲ್ಲಿನ ಚಕ್ರಗಳು, ವೇಗವನ್ನು ಹಿಡಿತದಲ್ಲಿಡುವ ಪುಟ್ಟ ಗುಂಡುಗಳು, ಅಷ್ಟೇ. "ಹಾಡು ಎಲ್ಲಿದೆ?" ಎಂದಳು ಮಗಳು.

ಸಂಯುತ್ತ ನಿಕಾಯದಲ್ಲಿ ಬರುವ ವೀಣೆಯ ದೃಷ್ಟಾಂತ ನಿಮಗೆ ನೆನಪಿರಬಹುದು. ನಾದಕ್ಕೆ ಮರುಳಾದ ರಾಜ ಆ ನಾದವನ್ನೇ ತಂದುಕೊಡಿ ಎನ್ನುತ್ತಾನೆ. ವೀಣೆಯನ್ನು ಸೀಳಿ, ಸುಟ್ಟು, ಬೂದಿ ಮಾಡಿದರೂ ಅದು ಸಿಗುವುದಿಲ್ಲ. 'ನಾನು' ಎಂಬುದೂ ಹಾಗೆಯೇ ಎಂದು ಬಳಗದಲ್ಲಿ ನಾನೇ ಎಷ್ಟೋ ಸಲ ಹೇಳಿದ್ದೇನೆ. ಹಾಡಿನ ತಟ್ಟೆಯಲ್ಲಾದರೂ ಇರುವುದೇನು? ಅರಗು, ಒಂದಿಷ್ಟು ಖನಿಜದ ಪುಡಿ, ಒಂದು ಗೀರು. ಮುತ್ತುಗದಂಥ ಮರಗಳ ಮೇಲೆ ಹುಳುಗಳು ಸ್ರವಿಸಿದ ಅರಗು ಅದು. ಕೆರೆದು ಕರಗಿಸುವಾಗ ಹುಳುಗಳೂ ಹೋಗುತ್ತವೆ. ಇದನ್ನು ಮಗಳಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ.

ಯಂತ್ರ ರಿಪೇರಿಯಾಗಲಿಲ್ಲ. ರಾತ್ರಿ ಮೊಬೈಲಿನಲ್ಲೇ ಗೌಹರ್ ಜಾನ್ ಅವರನ್ನು ಕೇಳಿಸಿದೆ. 1902ರಲ್ಲಿ ಕಲ್ಕತ್ತೆಯಲ್ಲಿ, ತಗಡಿನ ಕಹಳೆಗೆ ಮುಖವೊಡ್ಡಿ ಹಾಡಿದವರು. ಮೂರು ನಿಮಿಷದ ಹಾಡು ಮುಗಿಯುತ್ತಲೇ, ನನ್ನ ಹೆಸರು ಗೌಹರ್ ಜಾನ್ ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಾರೆ. ಎಂಥ ಅಹಂಕಾರ ಎಂದುಕೊಂಡಿದ್ದೆ ಮೊದಲು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಭಾಷೆ ಗೊತ್ತಿಲ್ಲದ ಅಲ್ಲಿಯ ಕೆಲಸಗಾರ ಸರಿಯಾದ ಚೀಟಿ ಅಂಟಿಸಬೇಕಲ್ಲ, ಅದಕ್ಕಾಗಿ ಹೇಳಿದ ಹೆಸರು ಅದು. ಹುಟ್ಟಿದಾಗ ಇಟ್ಟದ್ದೂ ಅಲ್ಲ: ಏಂಜಲೀನಾ ಆಗಿದ್ದ ಹುಡುಗಿ, ತಾಯಿ ಇಸ್ಲಾಂ ಸ್ವೀಕರಿಸಿದಾಗ ಗೌಹರ್ ಆದಳು. ಕೊನೆಗೆ ನಮ್ಮ ಮೈಸೂರಿಗೆ ಆಸ್ಥಾನ ಗಾಯಕಿಯಾಗಿ ಬಂದು, 1930ರ ಜನವರಿಯಲ್ಲಿ ಇಲ್ಲಿಯೇ ತೀರಿಕೊಂಡರು.

ಅರಹಂತರೂ 'ನಾನು' ಎನ್ನುತ್ತಾರೆ, ಲೋಕದ ವ್ಯವಹಾರಕ್ಕೆ ಅಷ್ಟೇ ಎಂದು ಬುದ್ಧರೇ ಹೇಳಿದ್ದಾರೆ. ಆ ಮಾತನ್ನು ನಾನು ಅವಸರದಲ್ಲಿ ದಾಟಿಬಿಟ್ಟಿದ್ದೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಹೆಸರು ಕೇಳಿದರೆ ತಲೆ ತಗ್ಗಿಸಿ ಪಿಸುಗುಡುತ್ತಾಳೆ. ಅಪ್ಪನ ಹೆಸರು, ಕೇರಿಯ ಹೆಸರು ಬಂದರೆ ಅದೂ ಇಲ್ಲ. 'ನಾನು' ಇಲ್ಲ ಎಂಬ ಪಾಠವನ್ನು ಅವಳಿಗೆ ಯಾವ ಬಾಯಿಂದ ಹೇಳಲಿ? ಅವಳದನ್ನು ಬೇರೆಯವರು ಮೊದಲೇ ಅಳಿಸಿದ್ದಾರೆ.

ನಿನ್ನೆ ಹಾಜರಿ ಕೂಗದೆ, ನಿಮ್ಮ ನಿಮ್ಮ ಹೆಸರು ನೀವೇ ಹೇಳಿ ಎಂದೆ. ಅವಳ ಸರದಿ ಬಂತು. ಎರಡನೆಯ ಸಲಕ್ಕೆ ಹಿಂದಿನ ಬೆಂಚಿಗೂ ಕೇಳಿಸಿತು.